ಕೊಟ್ರೇಶಿಯ ಕೆಂಪು ಕಾರಿನ ಹೆಡರು

ಕೇಳುವವರಿಗೆ ಕಿವಿ ಇರಲಿ, ಹೇಳುವವನಿಗೆ ಉಸಿರಿರಲಿ, ನಡುವೆ ಬುದ್ಧಿ ಹೇಳುವವರು ಯಾರೂ ಬರದಿರಲಿ. ಹೇಳಿದ ಮಾತು ಕೇಳದ ಮಕ್ಕಳು ಊರ ತುಂಬ ಇರುತ್ತಾರೆ. ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಕೇಳುವ ಮಗ ಇಡೀ ಹೊಸಪೇಟೆಗೆ ಒಬ್ಬನೇ, ಅವನು ಹಾಲಮ್ಮನ ಹೊಟ್ಟೆಯಲ್ಲೇ ಹುಟ್ಟಬೇಕೇ! ಹೆಸರು ಕೊಟ್ರೇಶಿ. ಮೂವತ್ತು ದಾಟಿದ ಗಂಡಸು, ಬಾಗಿಲಷ್ಟು ಎತ್ತರ. "ಬಾಗಿಲು ನೋಡ್ಕೋ" ಎಂದು ಹೇಳಿ ಅವಳು ಸಂತೆಗೆ ಹೋದರೆ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ. ಹಿತ್ತಿಲಿನಿಂದ ನುಗ್ಗಿದ ನಾಯಿ ರೊಟ್ಟಿಯ ಬುಟ್ಟಿ ಖಾಲಿ ಮಾಡಿದರೂ ಕತ್ತು ತಿರುಗಿಸುತ್ತಿರಲಿಲ್ಲ.

"ಅಯ್ಯೋ ನನ್ನ ಕರ್ಮವೇ! ನಾಯಿ ಬಂದ್ರ ಹಚಾ ಅನ್ನಬಾರದೇನಲೇ?"

"ನಾಯಿ ನೋಡು ಅಂತ ನೀ ಹೇಳಿರಲಿಲ್ಲವ್ವಾ."

ಹೌದು, ಅವಳು ಹೇಳಿರಲಿಲ್ಲ.

ಇಂಥವರ ಅಂಗಳದಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು ನಿಂತಿತ್ತು. ನಗಬೇಡಿ, ನಿಜವಾಗಿಯೂ ನಿಂತಿತ್ತು. ಅದಿರಿನ ದುಡ್ಡು ಹೊಳೆಯಾಗಿ ಹರಿದ ಕಾಲದಲ್ಲಿ ಒಬ್ಬ ಗಣಿ ಧಣಿ ಅದನ್ನು ತರಿಸಿದ್ದ. ಹಾಲಮ್ಮನ ಗಂಡ ಸಿದ್ದಲಿಂಗಪ್ಪ ಅದರ ಡ್ರೈವರು. ಗಣಿ ನಿಂತಿತು, ಧಣಿ ಊರು ಬಿಟ್ಟ, "ಇದನ್ನ ನೀನೇ ಇಟ್ಕೋ" ಎಂದು ಕಾರನ್ನು ಡ್ರೈವರನಿಗೇ ಬಿಟ್ಟುಹೋದ. ಆಮೇಲೆ ಸಿದ್ದಲಿಂಗಪ್ಪನೂ ಹೋದ. ಧಣಿ ಹೋದ ಕಡೆಗಲ್ಲ, ಎಲ್ಲರೂ ಹೋಗುವ ಕಡೆಗೆ. ಉಳಿದದ್ದು ತಾಯಿ, ಮಗ, ಕಾರು. ಓಡಿಸಲು ಅವ್ವ ಬಿಡುತ್ತಿರಲಿಲ್ಲ. ಹಾಗಾಗಿ ಕೊಟ್ರೇಶಿ ದಿನಾ ಸಂಜೆ ಕಾರು ಶುರು ಮಾಡುತ್ತಿದ್ದ, ಸ್ಟಿಯರಿಂಗ್ ಹಿಡಿಯುತ್ತಿದ್ದ, ಯಾರಾದರೂ ಮಾತಾಡಿಸಲು ಬರುತ್ತಾರೇನೋ ಎಂದು ಬೀದಿ ನೋಡುತ್ತಿದ್ದ. ಪೆದ್ದನ ಜೊತೆ ಯಾರಿಗೆ ಏನು ಮಾತು? ಯಾರೂ ಬರುತ್ತಿರಲಿಲ್ಲ.

ಒಳಗೆ ಹಾಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದಳು. ಎಂಜಿನ್ನಿನ ಹೊಗೆಯನ್ನು ಹೊರಗೆ ಹಾಕುವ ನಾಲ್ಕು ಕೊಳವೆಗಳು ಸೇರಿ ಒಂದಾಗುವ ಜಾಗವುಂಟಲ್ಲ, ಗ್ಯಾರೇಜಿನವರು ಅದಕ್ಕೆ ಹೆಡರು ಅನ್ನುತ್ತಾರೆ. ಅದು ಹಿಂದೊಮ್ಮೆ ಬಿರುಕು ಬಿಟ್ಟಾಗ ಸಿದ್ದಲಿಂಗಪ್ಪ ತಾನೇ ಬೆಸುಗೆ ಹಾಕಿದ್ದ. ಒರಟು ಬೆಸುಗೆ. ಅಂದಿನಿಂದ ಕಾರಿನ ಗುಡುಗಿನೊಳಗೆ ಒಂದು ಸಣ್ಣ 'ಟಿಕ್ ಟಿಕ್' ಸೇರಿಕೊಂಡಿತ್ತು. ಗಂಡ ಇದ್ದಾಗ ಆ ಸದ್ದು ರೈಲ್ವೆ ಗೇಟಿನ ಹತ್ತಿರ ಕೇಳಿದ ಕೂಡಲೇ ಅವಳು ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಈಗಲೂ ಕಣ್ಣು ಮುಚ್ಚಿದರೆ ಅವನು ಗೇಟು ದಾಟಿ ಬರುತ್ತಿದ್ದಾನೆ ಅನ್ನಿಸುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳೋಣವೆಂದರೆ ಯಾರಿದ್ದರು?

ಒಂದು ದಿನ ಗ್ಯಾರೇಜಿನ ಇಮಾಮ್‌ಸಾಬ ಬಂದ. ಸಿದ್ದಲಿಂಗಪ್ಪನ ಹಳೆಯ ಗೆಳೆಯ. ಕಾರಿನ ಕೆಳಗೆ ಬಗ್ಗಿ ನೋಡಿ ತಲೆ ಆಡಿಸಿದ.

"ಈ ಹೆಡರು ಮುಗೀತಲೇ ಕೊಟ್ರೇಶಿ. ಬೆಸುಗ್ಯಾಗ ಹೊಗಿ ಸೋರ್ತೈತಿ. ನನ್ನ ಹತ್ರ ಒಂದು ಸುಮ್ನ ಬಿದ್ದೈತಿ, ಸ್ಟೀಲಿಂದು, ರೇಸಿನ ಗಾಡೀದು. ಹಾಕಿದ್ರ ಎಂಜಿನ್ನು ಹಗುರಾಗಿ ಉಸಿರಾಡ್ತೈತಿ. ಸದ್ದು ಹೆಂಗ ಬರ್ತೈತಿ ಅಂದ್ರ, ಊರು ಊರೇ ಓಡಿ ಬರ್ಬೇಕು! ಬೇಕೋ ಬ್ಯಾಡೋ ನೀವೇ ಯೋಚನಿ ಮಾಡ್ರಿ. ಶುಕ್ರವಾರ ನಮಾಜು ಮುಗಿಸ್ಕೊಂಡು ಬರ್ತೀನಿ."

"ಊರೇ ಬರ್ತೈತಂತವ್ವಾ!" ಕೊಟ್ರೇಶಿ ಅಂಗಳದ ತುಂಬ ಕುಣಿದ. "ಹಾಕಿಸೋಣೇನು? ಹಾಕಿಸೋಣೇನು?"

ಹಾಲಮ್ಮನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ, ಬೇಕು ಅನ್ನಲು ಮನಸ್ಸು ಬರಲಿಲ್ಲ. "ಇಂಥಾದ್ದನ್ನ ನಾಲ್ಕು ಜನಾನ್ನ ಕೇಳಿ ಮಾಡ್ಬೇಕಪ್ಪ" ಎಂದು ಜಾರಿಕೊಂಡಳು. ನಾಲ್ವರಲ್ಲಿ ಒಬ್ಬನಾದರೂ ಹಳೆಯದೇ ಇರಲಿ ಅನ್ನುತ್ತಾನೆ ಎಂಬ ಆಸೆ ಅವಳಿಗೆ.

ನಾಲ್ಕು ಜನ! ಕೊಟ್ರೇಶಿ ಹೊರಟೇಬಿಟ್ಟ. ಒಬ್ಬ ಸಿಕ್ಕ, ಬಿಟ್ಟ. ಇಬ್ಬರು ಸಿಕ್ಕರು, ಬಿಟ್ಟ. ಮೂವರು ಸಿಕ್ಕರು, "ನೀವು ಒಬ್ರು ಕಮ್ಮಿ ಅದೀರಿ" ಎಂದು ಅವರನ್ನೂ ಬಿಟ್ಟ. ಕೊನೆಗೆ ಸರಿಯಾಗಿ ನಾಲ್ವರು ಎದುರಾದರು. ಹೆಗಲ ಮೇಲೆ ಚಟ್ಟ ಹೊತ್ತಿದ್ದರು. ಮುಂದೆ ತಮಟೆ, ಹಿಂದೆ ಅಳು. ಕೊಟ್ರೇಶಿ ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತ.

"ನಿಲ್ರಿ, ನಿಲ್ರಿ! ಸರಿಯಾಗಿ ನಾಲ್ಕೇ ಜನ ಅದೀರಿ! ಹೆಡರು ಬದಲು ಮಾಡಿಸ್ಲೋ ಬ್ಯಾಡೋ?"

"ದಾರಿ ಬಿಡಲೇ!"

"ಬಿಡ್ತೀನಿ, ಹೇಳಿ ಹೋಗ್ರಿ! ಹಳೇದು ಸೋರ್ತೈತಿ!"

ಸತ್ತವನ ಅಳಿಯ ಬಂದು ಕಪಾಳಕ್ಕೆ ಒಂದು ಬಿಟ್ಟ. ಊದಿದ ಕೆನ್ನೆ ಹಿಡಿದುಕೊಂಡು ಮನೆಗೆ ಬಂದ ಮಗನನ್ನು ನೋಡಿ ಹಾಲಮ್ಮ ಹಣೆ ಚಚ್ಚಿಕೊಂಡಳು.

"ಹೆಣದ ಮುಂದ ಹಂಗ ಕೇಳ್ತಾರೇನಲೇ ಮುಕ್ಕ! ತಲಿ ಬಗ್ಗಿಸಿ, ಕೈ ಮುಗದು, 'ಅಯ್ಯೋ, ಇಂಥಾ ಕಷ್ಟ ಶತ್ರೂಗೂ ಬ್ಯಾಡ' ಅಂತ ಕಣ್ಣೀರು ಹಾಕ್ಬೇಕಿತ್ತು! ಕೇಳೋದಿದ್ರ ಗಾಡಿ ಇದ್ದವರನ್ನ ಕೇಳು."

"ಆಗಲವ್ವಾ, ಇನ್ನ ಹಂಗ ಮಾಡ್ತೀನಿ."

ಮಾಡದೆ ಬಿಡುವ ಮಗನೇ? ಮರುದಿನ ಗಾಡಿ ಇದ್ದವರನ್ನು ಹುಡುಕುತ್ತ ಹನುಮಪ್ಪನ ಗುಡಿಯ ಮುಂದೆ ಬಂದ. ಅಲ್ಲಿ ಸಿಮೆಂಟ್ ವ್ಯಾಪಾರಿ ಪಂಪಾಪತಿಯ ಹೊಸ ಕಾರಿಗೆ ಪೂಜೆ. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಹೆಂಡತಿ ಮೈತುಂಬ ಜರಿ. ಕೊಟ್ರೇಶಿ ಜನರನ್ನು ಸರಿಸಿಕೊಂಡು ಮುಂದೆ ಬಂದ. ತಲೆ ಬಗ್ಗಿಸಿದ, ಕೈ ಮುಗಿದ, ಹೊಸ ಕಾರಿನ ಮೇಲೆ ಬಿದ್ದು ಗೊಳೋ ಎಂದು ಅತ್ತ.

"ಅಯ್ಯೋ, ಇಂಥಾ ಕಷ್ಟ ಶತ್ರೂಗೂ ಬ್ಯಾಡ್ರಪ್ಪೋ!"

"ಯಾವನಲೇ ಇವನು ಅಪಶಕುನ! ಎಳೀರಲೇ!"

ಎಳೆದರು, ರಸ್ತೆಯ ಮೇಲೆ ಒಗೆದರು. ಅಂಗಿ ಹರಿಯಿತು. ಆದರೆ ಒಂದು ಮಾತು. ಹೇಳಿಕೊಟ್ಟಿದ್ದಕ್ಕೆ ಶುರುವಾದ ಆ ಅಳು ಮನೆಗೆ ಬಂದರೂ ನಿಂತಿರಲಿಲ್ಲ. ಅಪ್ಪ ಸತ್ತಾಗ ಯಾರೂ ಅಳು ಎಂದು ಹೇಳಿರಲಿಲ್ಲ, ಅವನು ಅತ್ತಿರಲಿಲ್ಲ. ಹಾಲಮ್ಮ ಸೆರಗಿನಿಂದ ಅವನ ಮೂಗು ಒರೆಸುತ್ತಲೇ ಬೈದಳು.

"ಅಲ್ಲಲೇ, ಗಾಡಿ ಸುತ್ತ ಜನ ಸೇರಿದ್ದು ಕಂಡ್ರ ಅಳ್ತಾರೇನು? ನಕ್ಕೊಂತ ಹೋಗಿ, ಅದರ ಮುಂದ ಕಾಯಿ ಒಡದು, 'ಇಂಥಾವು ವರ್ಷಕ್ಕ ನಾಲ್ಕಾಗಲಿ' ಅನ್ಬೇಕು!"

"ಆಗಲವ್ವಾ, ಇನ್ನ ಹಂಗ ಮಾಡ್ತೀನಿ."

ಬಗಲಲ್ಲಿ ತೆಂಗಿನಕಾಯಿ ಇಟ್ಟುಕೊಂಡೇ ತಿರುಗತೊಡಗಿದ. ಇಮಾಮ್‌ಸಾಬನ ಗ್ಯಾರೇಜಿಗೆ ಹೋದರೆ ಅಲ್ಲಿ ಡ್ರೈವರುಗಳ ಹಿಂಡು. ನಡುವೆ ಒಂದು ಲಾರಿ. ಸಂಡೂರಿನ ಘಾಟಿಯಲ್ಲಿ ಎಂಜಿನ್ನಿಗೆ ಬೆಂಕಿ ಹತ್ತಿ ಅರ್ಧ ಕರಕಾಗಿದ್ದನ್ನು ಆಗಷ್ಟೇ ಎಳೆದು ತಂದಿದ್ದರು. ಇನ್ನೂ ಹೊಗೆ ಆಡುತ್ತಿತ್ತು. ಲಾರಿಯ ಮಾಲೀಕ ನೆಲದ ಮೇಲೆ ಕೂತು ತಲೆಗೆ ಕೈ ಹೊತ್ತಿದ್ದ. ಗಾಡಿ ಉಂಟು, ಸುತ್ತ ಜನ ಉಂಟು! ಕೊಟ್ರೇಶಿ ಹಲ್ಲು ಕಿರಿದುಕೊಂಡು ನುಗ್ಗಿ, ಸುಟ್ಟ ಎಂಜಿನ್ನಿನ ಮೇಲೇ ಫಟ್ ಎಂದು ಕಾಯಿ ಒಡೆದ. ಕಾಯಿಯ ನೀರು ಚುರ್ ಎಂದಿತು.

"ಇಂಥಾವು ವರ್ಷಕ್ಕ ನಾಲ್ಕಾಗಲಿ!"

ಆಮೇಲೆ ಬಿದ್ದದ್ದನ್ನು ನಾನು ಹೇಳುವುದಿಲ್ಲ, ಅವನ ಬೆನ್ನು ಹೇಳೀತು. ಇಮಾಮ್‌ಸಾಬ ಅಡ್ಡ ಬಂದು ಬಿಡಿಸಿದ.

"ಸುಡೋದರ ಹತ್ರ ಹೋಗ್ತಾರೇನೋ ಹುಚ್ಚಪ್ಪ! ಸುಡಾಕತ್ತಿದ್ದು ಕಂಡ್ರ ದೂರ ಸರಿ, ಬಾಯಿ ಮುಚ್ಕೊಂಡು ನಿಲ್ಲು. ಪೂರ್ತಿ ತಣ್ಣಗಾದ ಮ್ಯಾಲೆ ಹತ್ರ ಹೋಗು. ತಿಳೀತಾ?"

"ತಿಳೀತ್ರಿ ಮಾವ."

ತಿಳಿದದ್ದೇ ತಪ್ಪಾಯಿತು. ಮಗನ ಬೆನ್ನಿಗೆ ಅರಿಶಿನ ಹಚ್ಚಿ ಹಚ್ಚಿ ದಣಿದಿದ್ದಕ್ಕೋ, ಒಳಗಿನ ಸಂಕಟಕ್ಕೋ, ಮರುದಿನ ಹಾಲಮ್ಮ ಜ್ವರ ಹಿಡಿದು ಮಲಗಿದಳು. ಮೈ ಕೆಂಡ.

"ಕೊಟ್ರೇಶಿ, ಬಾರಪ್ಪ... ಒಂದೀಟು ನೀರು ಕೊಡು. ಹತ್ರ ಕೂತ್ಕೋ."

ಓಡಿ ಬಂದ. ಕೈ ಮುಟ್ಟಿದ. "ಅಬ್ಬಬ್ಬಾ, ಸುಡಾಕತ್ತೀಯವ್ವಾ!" ಎಂದು ಒಂದೇ ನೆಗೆತಕ್ಕೆ ಅಂಗಳಕ್ಕೆ ಹಾರಿದ. ಅಲ್ಲಿ ಬಿಸಿಲಲ್ಲಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತ.

ಅವಳು ಕರೆದಳು, ಅವನು ತಲೆ ಅಲ್ಲಾಡಿಸಿದ. ಮತ್ತೆ ಕರೆದಳು, ಮತ್ತೆ ಅಲ್ಲಾಡಿಸಿದ. ಬಾಗಿಲಿನಿಂದ ಅವಳಿಗೆ ಅವನು ಕಾಣುತ್ತಿದ್ದ, ಅವನ ಕಣ್ಣಿನಿಂದ ನೀರು ಇಳಿಯುವುದೂ ಕಾಣುತ್ತಿತ್ತು. ಹೆತ್ತ ಮಗ ಕಣ್ಣೆದುರಿಗೇ ನಿಂತಿದ್ದಾನೆ, ಒಂದು ಲೋಟ ನೀರು ಕೊಡುವವರಿಲ್ಲ. ಮನೆಯಲ್ಲಿ ಇಬ್ಬರಿದ್ದೂ ಇಬ್ಬರೂ ಒಬ್ಬೊಬ್ಬರೇ ಆದರು. ಅಂದು ಸಂಜೆ ಕಾರು ಕೂಡ ಶುರುವಾಗಲಿಲ್ಲ. ಇಷ್ಟು ದಿನ ಆ ಸದ್ದೊಂದು ಜೊತೆಗಿತ್ತಲ್ಲ ಎಂದು ನೆನೆದು ಹಾಲಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಬೆವರು ಬಿಟ್ಟು ಜ್ವರ ಇಳಿಯಿತು. ಕೊಟ್ರೇಶಿ ಹೊಸ್ತಿಲಿನಿಂದ ಇಣುಕಿದ.

"ತಣ್ಣಗಾದ್ಯಾ ಅವ್ವಾ?"

"ನಾ ಪೂರ್ತಿ ತಣ್ಣಗಾಗಿದ್ರ ಏನು ಮಾಡ್ತಿದ್ಯೋ ಮುಠ್ಠಾಳ!"

"ಹತ್ರ ಬರ್ತಿದ್ದೆನವ್ವಾ."

ಹಾಲಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಅವನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನೋಡಪ್ಪ, ಪ್ರೀತೀದು ಕೈಬಿಟ್ಟು ಹೋಗ್ತೈತಿ ಅನ್ನಿಸಿದ್ರ ದೂರ ನಿಲ್ಲಬಾರದು. ಕಂಬಳಿ ಹೊದಿಸಿ, ಒಂದು ಚೂರು ಗಾಳಿ ಆಡದಂಗ ಸಂದಿಸಂದಿ ಮುಚ್ಚಿ, ಜ್ವಾಪಾನ ಮಾಡ್ಬೇಕು."

"ಆಗಲವ್ವಾ."

ಸುಮ್ಮನಾಗಬೇಕಿತ್ತು. ಆದರೆ ಒಂದು ಹಗಲೆಲ್ಲ ಒಬ್ಬಳೇ ಬಿದ್ದಿದ್ದ ಜೀವ, ಇಷ್ಟು ದಿನ ಅದುಮಿಟ್ಟಿದ್ದು ಹೊರಗೆ ಬಂತು. "ಆ ಕಾರಿನಾಗ ಟಿಕ್ ಟಿಕ್ ಅಂತೈತಲ್ಲ, ಅದು ನಿಮ್ಮಪ್ಪ ಹಾಕಿದ ಬೆಸುಗಿ ಕಣಪ್ಪ. ಅದು ಕೇಳಿದ್ರ ನಂಗ ಅವರೇ ಮನಿಗೆ ಬಂದಂಗ ಆಗ್ತೈತಿ. ಹೆಡರು ಹೋದ್ರ ಆ ಸದ್ದೂ ಹೋಗ್ತೈತಿ, ಅದಕ್ಕ ಸಂಕಟ ಆಗಿತ್ತು. ಹೋಗ್ಲಿ ಬಿಡು. ನಿನಗ ನಾಲ್ಕು ಜನ ಬರಬೇಕು. ನಾಳೆ ಹೊಸಾದು ಹಾಕಿಸ್ಕೋ."

ಕೊಟ್ರೇಶಿ ಎದ್ದು ಹೊಸ್ತಿಲಿಗೆ ಹೋಗಿ ಕಾರಿನ ಕಡೆ ನೋಡಿದ. ಆಮೇಲೆ ಗಾಬರಿಯಿಂದ ಕೇಳಿದ. "ದಿನಾ ಸಂಜಿಗೆ ನಾ ಆ ಸದ್ದನ್ನ ಹೊರಗ ಬಿಡ್ತಿದ್ದೆನಲ್ಲವ್ವಾ! ಎಷ್ಟು ಖಾಲಿ ಆಗಿರ್ಬೇಕು?"

ಶುಕ್ರವಾರ ಇಮಾಮ್‌ಸಾಬ ಗೋಣಿಚೀಲದಲ್ಲಿ ಹೊಸ ಹೆಡರು ಸುತ್ತಿಕೊಂಡು ಬಂದ. ಬಂದವನು ಅಂಗಳದಲ್ಲೇ ನಿಂತುಬಿಟ್ಟ. ಕಾರಿನ ಮೇಲೆ ಮನೆಯ ಎರಡೂ ಕಂಬಳಿ. ಬಾನೆಟ್ಟಿನ ಸಂದಿಗೆಲ್ಲ ಹಾಲಮ್ಮನ ಹಳೆಯ ಸೀರೆಯ ಚೂರು. ಹಿಂದಿನ ಹೊಗೆಕೊಳವೆಗಳೆರಡಕ್ಕೂ ಜೋಳದ ಹಿಟ್ಟು ಕಲಸಿ, ಒತ್ತಿ ತುರುಕಿ, ಮೇಲೆ ಅಂಗೈಯಿಂದ ಸವರಿ ಮೆತ್ತಿದ್ದ. ಹಿಟ್ಟು ಒಣಗಿ ಕಲ್ಲಾಗಿತ್ತು. ಇಮಾಮ್‌ಸಾಬ ಕೀ ತಿರುಗಿಸಿದ. ಎಂಜಿನ್ನು ಕುಂಯ್ ಕುಂಯ್ ಎಂದು ನರಳಿ ಸುಮ್ಮನಾಯಿತು.

"ಏನು ಮಾಡೀಯಲೇ ಇದಕ್ಕ!"

"ಹೆಡರು ಬ್ಯಾಡ್ರಿ ಮಾವ," ಎಂದ ಕೊಟ್ರೇಶಿ, ಎದೆ ಉಬ್ಬಿಸಿ. "ಸದ್ದೆಲ್ಲ ಒಳಗೇ ಐತಿ. ಒಂದು ಚೂರೂ ಹೊರಗ ಹೋಗಿಲ್ಲ. ಅಪ್ಪ ಇನ್ನ ಎಲ್ಲೂ ಹೋಗಂಗಿಲ್ಲ."

ಇಮಾಮ್‌ಸಾಬ ಹೊಟ್ಟೆ ಹಿಡಿದು ನಕ್ಕ. ನಗುನಗುತ್ತ ಹಾಲಮ್ಮನ ಮುಖ ನೋಡಿ ಸುಮ್ಮನಾದ. ಹಿಟ್ಟು ಕೆತ್ತಿ ತೆಗೆಯುತ್ತೇನೆ ಎಂದು ಸ್ಕ್ರೂಡ್ರೈವರ್ ಹಿಡಿದರೆ ಅವಳು, "ಇವತ್ತು ಬ್ಯಾಡಣ್ಣ, ಇರಲಿ" ಅಂದಳು. ಅವನು ಹೆಡರನ್ನು ಮತ್ತೆ ಗೋಣಿಗೆ ಸುತ್ತಿಕೊಂಡು ಹೊರಟ.

ಸಂಜೆಯಾಯಿತು. ಕೊಟ್ರೇಶಿ ಕಂಬಳಿಯ ಅಂಚನ್ನು ಮುಂದಿನ ಗಾಜಿನಿಂದ ಮೇಲಕ್ಕೆ ಸರಿಸಿ ಒಳಗೆ ತೂರಿ, ಸ್ಟಿಯರಿಂಗ್ ಹಿಡಿದು ಬೀದಿ ನೋಡುತ್ತ ಕೂತ. ಬೀದಿಯಲ್ಲಿ ಹಾಲಿನವನು ಹೋದ, ಟ್ಯೂಷನ್ನಿನ ಹುಡುಗಿಯರು ಹೋದರು. ಯಾರೂ ಇತ್ತ ತಿರುಗಲಿಲ್ಲ. ಒಳಗೆ ಹಾಲಮ್ಮ ರೂಢಿಯಂತೆ ರೊಟ್ಟಿ ನಿಲ್ಲಿಸಿ ಕಣ್ಣು ಮುಚ್ಚಿದಳು. ಏನೂ ಕೇಳಲಿಲ್ಲ. ಹಂಚು ಚಟಪಟ ಅನ್ನುವುದಷ್ಟೇ ಕೇಳಿತು. ತನಗೆ ಇಷ್ಟು ದಿನ ಕಿವಿ ತುಂಬ ಗಂಡ ಇದ್ದ, ಹೊರಗೆ ಕೂತ ಮಗನಿಗೆ ಯಾರಿದ್ದರು ಎಂದು ಅವಳಿಗೆ ಆಗ ಹೊಳೆಯಿತು. ಬೈಯಬೇಕೆಂದುಕೊಂಡಿದ್ದಳು, ಬೈಗುಳ ಬರಲಿಲ್ಲ. ಬುದ್ಧಿ ಹೇಳಬೇಕೆಂದುಕೊಂಡಿದ್ದಳು, ಇನ್ನು ಯಾವ ಬುದ್ಧಿ ಉಳಿದಿತ್ತು?

ಹಂಚು ಇಳಿಸಿ, ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಅಂಗಳಕ್ಕೆ ಬಂದಳು. ಕಂಬಳಿ ಸರಿಸಿ ಆ ಕಡೆಯ ಬಾಗಿಲು ತೆರೆದು, ಮೊಣಕಾಲು ನೋವಿಗೆ ನರಳುತ್ತ ಬಗ್ಗಿ, ಮಗನ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ಕೊಟ್ರೇಶಿ ತಿರುಗಿ ನೋಡಿದ. ಕಣ್ಣು ಅಗಲವಾಯಿತು, ಮುಖ ಅರಳಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಖಾಲಿ ಅಡುಗೆಮನೆಯ ಕಡೆಗೆ ಗಂಟಲು ಹರಿಯುವಂತೆ ಕೂಗಿದ.

"ಅವ್ವಾ! ಏ ಅವ್ವಾ! ಯಾರೋ ಬಂದಾರ! ಜಲ್ದಿ ಚಾ ಇಡು!"

"ಇಟ್ಟೆನಪ್ಪಾ," ಎಂದಳು ಹಾಲಮ್ಮ, ಕೂತಲ್ಲಿಂದಲೇ.