ಇಕ್ಕಳಕ್ಕೆ ಎದುರಾಡಿದ ಟೆಸ್ಟರ್

ವೈರ್‌ಮನ್ ದ್ಯಾಮಣ್ಣನ ಕೈಚೀಲಕ್ಕೆ ಹೊಸ ಟೆಸ್ಟರೊಂದು ಬಂತು. ವಾರವಿಡೀ ಅದು ಚೀಲದೊಳಗಿನ ವಿದ್ಯುತ್ ನಿಯಮಗಳ ಪುಸ್ತಕಕ್ಕೆ ಒರಗಿಕೊಂಡು, ಪುಸ್ತಕ ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿತು. ಹಳೆಯ ಇಕ್ಕಳಕ್ಕೆ ಅದನ್ನು ಕಂಡರೆ ನಗು.

ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಬಲ್ಬಿನ ಹೋಲ್ಡರ್ ಬದಲಿಸಬೇಕಾಗಿತ್ತು. ದ್ಯಾಮಣ್ಣ ಸ್ವಿಚ್ ಒತ್ತಿದ, ಬಲ್ಬ್ ಆರಿತು. ಅವನು ಇಕ್ಕಳವನ್ನು ಕೈಗೆತ್ತಿಕೊಂಡ.

“ನಿಲ್ಲಿ! ಮೊದಲು ನಾನು ಮುಟ್ಟಬೇಕು, ಆಮೇಲೆ ನೀವು,” ಎಂದು ಅವನ ಜೇಬಿನಲ್ಲಿದ್ದ ಟೆಸ್ಟರ್ ಕೂಗಿತು.

“ಬಲ್ಬ್ ಆರಿದ್ದು ಕಾಣಲಿಲ್ಲವೇ? ನಿನ್ನೆ ಮೊನ್ನೆ ಬಂದು ನನ್ನ ಮುಂದೆ ಬಾಲ ಬಿಚ್ಚಬೇಡ,” ಎಂದು ಇಕ್ಕಳ ಗದರಿತು.

“ಬಲ್ಬ್ ಆರಿದರೆ ಸಾಲದು. ಕರೆಂಟ್ ಬರುವ ತಂತಿಗೇ ಸ್ವಿಚ್ ಹಾಕಬೇಕೆಂಬುದು ನಿಯಮ. ಇಲ್ಲಿ ಯಾರೋ ವಾಪಸು ಹೋಗುವ ತಂತಿಗೆ ಹಾಕಿದ್ದರೆ, ಬಲ್ಬ್ ಆರಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ನೀವು ಸಿಟ್ಟಾದರೂ ಸರಿಯೇ, ನಾನು ಸುಮ್ಮನಿರುವುದಿಲ್ಲ!”

ಹಾಗೆಂದು ಟೆಸ್ಟರ್ ಜೇಬಿನಿಂದ ಧುಮುಕಿತು. ದ್ಯಾಮಣ್ಣ ಬಗ್ಗಿ ಅದನ್ನು ಹೆಕ್ಕಿಕೊಂಡ. ಹೇಗೂ ಕೈಗೆ ಬಂತಲ್ಲ ಎಂದು ಹೋಲ್ಡರಿಗೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯೊಳಗಿನ ದೀಪ ಕೆಂಪಗೆ ಹೊತ್ತಿತು. ದ್ಯಾಮಣ್ಣ ಓಡಿಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿ ಬಂದ.

ಇಕ್ಕಳ ಮಾತ್ರ ಸೋಲೊಪ್ಪಲಿಲ್ಲ. “ಮೂವತ್ತು ವರ್ಷ ಹೀಗೇ ತಂತಿ ಕಡಿದಿದ್ದೇನೆ. ನನಗೇನಾಯಿತು?”

“ನಿಮಗೇನಾಗುತ್ತದೆ? ನೀವು ಕಬ್ಬಿಣ,” ಎಂದಿತು ಟೆಸ್ಟರ್. “ರಬ್ಬರ್ ಹರಿದ ನಿಮ್ಮ ಹಿಡಿಯನ್ನು ಹಿಡಿಯುವವನು ಮನುಷ್ಯ.”