ಖಾನಾವಳಿಗೂ ಜಾಮೀನು

ಪುಟ್ಟ ಖಾನಾವಳಿ ನಡೆಸುವ ಕಾಶೀಬಾಯಿಗೆ ಇನ್ನೆರಡು ಒಲೆ ಹೂಡಲು ಸಾಲ ಬೇಕಿತ್ತು. ಅವಳ ಸ್ವಸಹಾಯ ಸಂಘದ ಹೆಂಗಸರೆಲ್ಲ ಜಾಮೀನು ನಿಂತರೂ ಬ್ಯಾಂಕ್ ಮ್ಯಾನೇಜರರು ಒಪ್ಪಲಿಲ್ಲ.

"ಹೆಂಗಸರನ್ನ ನಂಬೋಕಾಗಲ್ಲ. ಯಾರಾದರೂ ಗಂಡಸಿನ ಜಾಮೀನು ತಗೊಂಡು ಬಾ."

"ಆತ್ರೀ ಸಾಹೇಬ್ರ," ಎಂದು ಎದ್ದು ಬಂದಳು.

ಮಧ್ಯಾಹ್ನ ಮ್ಯಾನೇಜರರು ಎಂದಿನಂತೆ ಅವಳ ಖಾನಾವಳಿಗೇ ಊಟಕ್ಕೆ ಬಂದರು. ಅವರದು ಉದ್ರಿ, ಪಗಾರವಾದ ಮೇಲೆ ದುಡ್ಡು. ಕಾಶೀಬಾಯಿ ಬಿಸಿರೊಟ್ಟಿಯ ಬುಟ್ಟಿ ಮುಚ್ಚಿದಳು.

"ಇನ್ಮ್ಯಾಲೆ ಉದ್ರಿ ಊಟಕ್ಕ ಜಾಮೀನು ಬೇಕ್ರಿ. ಗಂಡಸರನ್ನ ನಂಬಾಕ ಆಗಂಗಿಲ್ಲ. ಹೆಣ್ಮಗಳ ಸಹಿ ತರ್ರಿ."

"ನನ್ನ ಹೆಂಡತಿ ಮೈಸೂರಲ್ಲಿದ್ದಾಳಲ್ಲ!"

"ಫೋನ್ ಹಚ್ಚಿ ಕೊಡ್ರಿ. ಯಾಕ ಜಾಮೀನು ಬೇಕಾತಂತ ಅಕ್ಕಾರಿಗೆ ನಾನೇ ಹೇಳ್ತೀನಿ."

ಮ್ಯಾನೇಜರರು ಫೋನನ್ನು ಜೇಬಿನೊಳಕ್ಕೆ ತುರುಕಿದರು.

"ಬೇಡ ತಾಯಿ, ನಿಮ್ಮ ಸಂಘದ ಜಾಮೀನೇ ಸಾಕು. ಮೊದಲು ಊಟ ಬಡಿಸಿ."

"ರೊಟ್ಟಿ ಆರಂಗಿಲ್ರಿ, ಮುಚ್ಚಿಟ್ಟೀನಿ. ನೀವು ಲಗೂನ ಹೋಗಿ ಸಾಲಕ್ಕ ಸಹಿ ಹಾಕಿ ಬರ್ರಿ."