ಕೌಲಿಯ ಹೆಗಲಿಗೆ ಬಂದ ನೊಗ

ದೊರೆಯ ದಂಡಿನ ಬಂಡಿ ಎಳೆಯಲು ಊರಿನ ಎತ್ತುಗಳೆಲ್ಲ ಕಾಳಗಕ್ಕೆ ಹೋದವಂತೆ. ಹೊಲ ಬೀಳು ಬೀಳಬಾರದೆಂದು ಕೌಲಿ ಹಸು ತಾನೇ ನೊಗಕ್ಕೆ ಹೆಗಲು ಕೊಟ್ಟಳು. ಮೊದಮೊದಲು ಬೊಬ್ಬೆ ಎದ್ದವು. ಆಮೇಲೆ ಹದ ಸಿಕ್ಕಿ, ಉಳುವುದೇ ಒಂದು ಹಿಗ್ಗಾಯಿತು.

ಕಾಳಗ ಮುಗಿಸಿ ಬಂದ ಬೋರ ಎತ್ತು ಇದನ್ನು ನೋಡಿ ಹೌಹಾರಿದ. "ಅಯ್ಯೋ ತಂಗಿ, ಹಸು ನೊಗ ಹೊತ್ತರೆ ಊರಿಗೇ ಪಾಪ! ಇಳಿಸಿ ಕೊಟ್ಟಿಗೆಗೆ ನಡಿ."

"ನಾನು ಉತ್ತ ಹೊಲದ ಹುಲ್ಲನ್ನೇ ಮೆಲುಕು ಹಾಕ್ತಾ ಹೇಳ್ತೀಯಲ್ಲಣ್ಣ!"

"ಹುಲ್ಲಿಗೆ ಪಾಪ ಅಂಟೋದಿಲ್ಲಮ್ಮ," ಎಂದು ಬೋರ ನೊಗ ಕಿತ್ತುಕೊಂಡ.

ಅದಿನ್ನೂ ಅವನ ಹೆಗಲಿಗೆ ಕೂತಿರಲಿಲ್ಲ, ಊರಬಾಗಿಲಲ್ಲಿ ಮತ್ತೆ ದಂಡಿನ ಭೇರಿ ಬಡಿಯಿತು. ಬೋರ ಸರಸರನೆ ನೊಗ ತಂದು ಅವಳ ಹೆಗಲಿಗೇ ಇಟ್ಟ.

"ಪಾಪ ಅಂದೆಯಲ್ಲಣ್ಣ?"

"ಅದನ್ನು ನಾನು ಜೊತೆಗೇ ಕರಕೊಂಡು ಹೋಗ್ತೀನಿ ತಂಗಿ. ಬರುವಾಗ ಮರೆಯದೆ ತರ್ತೀನಿ."